ಒಂದೇ ಹಂಚು, ಹಲವು ಬಟ್ಟಲು

ಅಮೆರಿಕೆಯ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ನಗರವು ಮೋಟಾರು ಕಾರುಗಳ ತವರೆಂದು ಲೋಕಪ್ರಸಿದ್ಧವಾದುದು. ಹೆನ್ರಿ ಫೋರ್ಡರು ತಮ್ಮ ಕಂಪನಿಯನ್ನು 1903ರಲ್ಲಿ ಸ್ಥಾಪಿಸಿದ್ದು ಅಲ್ಲಿಯೇ. ಆ ಉದ್ಯಮವನ್ನು ನಂಬಿ ನಮ್ಮ ನಾಡಿನ ಅನೇಕ ಎಂಜಿನಿಯರುಗಳು ಆ ನಗರದ ಸುತ್ತಣ ಊರುಗಳಲ್ಲಿ ನೆಲೆಸಿದ್ದಾರೆ. ನನ್ನ ಮಗನೂ ಅವರಲ್ಲೊಬ್ಬ. ಕಳೆದ ಬೇಸಿಗೆಯಲ್ಲಿ ನಾನೂ ನನ್ನ ಮಡದಿಯೂ ಮೂರು ತಿಂಗಳು ಅವನ ಮನೆಯಲ್ಲಿದ್ದೆವು. ನಯಾಗರಾ ಜಲಪಾತವನ್ನು ಕಂಡೆವು, ಸಮುದ್ರದಂತಹ ಸರೋವರಗಳನ್ನು ಕಂಡೆವು. ಅವುಗಳ ವರ್ಣನೆಯನ್ನು ಓದುಗ ಬಂಧುಗಳು ಹಲವು ಸಲ ಓದಿರುತ್ತೀರಿ. ಆದುದರಿಂದ ನಾನೀಗ ಬರೆಯಹೊರಟಿರುವುದು ಜಲಪಾತವನ್ನು ಕುರಿತಲ್ಲ, ಒಂದು ಊಟವನ್ನು ಕುರಿತು. ಆ ಊಟ ನನ್ನನ್ನು ಅರುವತ್ತು ವರ್ಷ ಹಿಂದಕ್ಕೆ, ನಮ್ಮೂರಿನ ನಮ್ಮ ಮನೆಯ ಬಾಗಿಲಿಗೆ ಕರೆದೊಯ್ದಿತು.

ಮೊಮ್ಮಗಳಿಗೆ ಹನ್ನೆರಡು ತುಂಬುವ ದಿನ ಸಮೀಪಿಸಿತ್ತು. ಹುಟ್ಟುಹಬ್ಬದ ಊಟವನ್ನು 'ಮಂಗೋಲಿಯನ್ ಗ್ರಿಲ್' ಎಂಬ ಬಗೆಯ ಭೋಜನಶಾಲೆಯಲ್ಲಿ, ತನ್ನ ನಾಲ್ವರು ಗೆಳತಿಯರೊಡನೆ ಮಾಡಬೇಕೆಂಬುದು ಅವಳ ಆಸೆ. ನಾನು ಆ ಭೋಜನಶಾಲೆಯ ರೀತಿಯೇನೆಂದು ವಿಚಾರಿಸಿದೆ. ಅಲ್ಲಿ ಒಂದು ದೊಡ್ಡ ಹಂಚು ಇರುತ್ತದೆ, ಎಲ್ಲರೂ ತಮಗೆ ಬೇಕಾದುದನ್ನು ಬಟ್ಟಲಿಗೆ ತುಂಬಿಕೊಂಡು ಒಯ್ದು ಕೊಡುತ್ತಾರೆ, ಅಡಿಗೆಯವರು ಎಲ್ಲವನ್ನೂ ಆ ಹಂಚಿನ ಮೇಲೆಯೇ ಹುರಿದು ಕೊಡುತ್ತಾರೆ ಎಂದು ಮಗ ವಿವರಿಸಿದ. ಮಾಂಸ ಬೇಯುವ ಹಂಚಿನ ಮೇಲೆಯೇ ನಮ್ಮ ಕಾಯಿಪಲ್ಲೆಯೂ ಬೇಯಬೇಕೆ? "ನೀವೆಲ್ಲ ಹೋಗಿಬನ್ನಿರಿ. ನಾವಿಬ್ಬರೂ ಮನೆಯಲ್ಲಿಯೇ ರೊಟ್ಟಿ ಉಣ್ಣುತ್ತೇವೆ" ಎಂದುಬಿಟ್ಟೆ. ಮಗನಾಗಲಿ ಸೊಸೆಯಾಗಲಿ ಮರುಮಾತನಾಡಲಿಲ್ಲ.

ಆದರೆ ಮೊಮ್ಮಗಳು ಸುಮ್ಮನಿರಲಿಲ್ಲ. ಪ್ರತಿರಾತ್ರಿ ಮಲಗುವ ಮುನ್ನ ಅವಳಿಗೆ ಶರಣರ ಕಥೆಗಳನ್ನು ನಾನೇ ಹೇಳುತ್ತಿದ್ದೆ. ಅಂದು ರಾತ್ರಿ ಅವಳು ತನ್ನ ಅರೆಗನ್ನಡದಲ್ಲಿ ಕೇಳಿದಳು: "ಅಜ್ಜಾ, ಬಸವಣ್ಣನವರ ಮನೆಯಲ್ಲಿ ಎಲ್ಲರೂ ಕೂಡಿ ಊಟ ಮಾಡುತ್ತಿದ್ದರು ಎಂದು ನೀವೇ ಹೇಳಿದ್ದಿರಲ್ಲ? ಮತ್ತೆ ನನ್ನ ಗೆಳತಿಯರ ಜೊತೆಗೆ ನೀವೇಕೆ ಕೂಡ್ರುವುದಿಲ್ಲ? ಅವರು ನಮಗಿಂತ ಕಡಿಮೆಯವರೇ?"

ನಾನು ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿದ್ದವನು. ಮಕ್ಕಳ ಪ್ರಶ್ನೆಗೆ ಉತ್ತರಿಸುವುದೇ ನನ್ನ ಕಾಯಕವಾಗಿತ್ತು. ಆ ರಾತ್ರಿ ಮಾತ್ರ ಉತ್ತರ ಹೊಳೆಯಲಿಲ್ಲ. ಏಕೆಂದರೆ ಅವಳು ಕೇಳಿದ್ದು ಒಂದು ಕಾಲಕ್ಕೆ ನಾನೇ ಕೇಳಿದ್ದ ಪ್ರಶ್ನೆ.

ಆಗ ನನಗೆ ಎಂಟೋ ಒಂಬತ್ತೋ ವರ್ಷ. ನಮ್ಮ ಮನೆಯಲ್ಲಿ ಹಿರಿಯನಾದ ಒಬ್ಬ ಸಂಬಳದ ಆಳು ಇದ್ದ. ನಮ್ಮ ಎತ್ತುಗಳಿಗೆ ಅವನ ದನಿಯೇ ಅಪ್ಪಣೆ. ಜಾತ್ರೆಯ ತೇರನ್ನು ನಾನು ನೋಡಿದ್ದು ಅವನ ಹೆಗಲ ಮೇಲೆ ಕುಳಿತು. ಅವನು ಉಣ್ಣುತ್ತಿದ್ದ ತಾಟು ಮಾತ್ರ ದನದ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿರುತ್ತಿತ್ತು. ಒಂದು ಶ್ರಾವಣ ಸೋಮವಾರ ನಮ್ಮ ಮನೆಯಲ್ಲಿ ದಾಸೋಹ. ಬೆಳಗಿನಿಂದ ನೀರು ಹೊತ್ತವನು, ಕಟ್ಟಿಗೆ ಒಡೆದವನು ಅವನೇ. ಊಟದ ಹೊತ್ತಿಗೆ ಊರಿನವರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕುಳಿತರು. ಅವನು ತಲೆಬಾಗಿಲಿನಾಚೆ ಒಂದು ಎಲೆ ಹಾಸಿಕೊಂಡು ಕುಳಿತ. ಹೋಳಿಗೆಯನ್ನು ಅವನ ಎಲೆಗೆ ಮೇಲಿನಿಂದ ಹಾಕಿದರು. "ಅವನೇಕೆ ನಮ್ಮ ಸಾಲಿನಲ್ಲಿಲ್ಲ?" ಎಂದು ತಂದೆಯವರನ್ನು ಕೇಳಿದೆ. ದಿನವೂ ಲಿಂಗಪೂಜೆ ಮಾಡಿ, ವಚನಗಳನ್ನು ಕಂಠಸ್ಥವಾಗಿ ಹೇಳುತ್ತಿದ್ದ ಸಾತ್ವಿಕರು ಅವರು. "ಸುಮ್ಮನೆ ಊಟ ಮಾಡು" ಎಂದರು. ಅಷ್ಟೇ. ನಾನು ಊಟ ಮಾಡಿದೆ.

ಮುಂದೆ ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದಾಗ, ಬಡವರ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದನ್ನು ಕಂಡೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಪೂಜ್ಯ ಶಿವಕುಮಾರ ಸ್ವಾಮಿಗಳು ಜಾತಿಮತವೆನ್ನದೆ ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿಸಿದುದನ್ನು ಕಂಡು ಕೈಮುಗಿದೆ. ಸಭೆಗಳಲ್ಲಿ ಪಂಕ್ತಿಭೇದವನ್ನು ಖಂಡಿಸಿ ಭಾಷಣ ಮಾಡಿದೆ. ಆದರೂ ತಲೆಬಾಗಿಲಿನಾಚೆಯ ಆ ಎಲೆ ಮನಸ್ಸಿನ ಒಂದು ಮೂಲೆಯಲ್ಲಿ ಹಾಗೆಯೇ ಉಳಿದಿತ್ತು. ಮೊಮ್ಮಗಳ ಮಾತಿನಿಂದ ಅದು ಮತ್ತೆ ಕಣ್ಣ ಮುಂದೆ ಬಂದಿತು. ಬೆಳಿಗ್ಗೆ ಎದ್ದು, "ನಾವೂ ಬರುತ್ತೇವೆ" ಎಂದೆ.

ಆ ಭೋಜನಶಾಲೆಯ ಒಳಹೊಕ್ಕೊಡನೆ ಮೊದಲು ಕಣ್ಣಿಗೆ ಬೀಳುವುದು ಆ ಹಂಚು. ನಮ್ಮ ರೊಟ್ಟಿಯ ಹಂಚನ್ನು ಒಬ್ಬಿಬ್ಬರು ಮಲಗುವಷ್ಟು ಹಿಗ್ಗಿಸಿದರೆ ಹೇಗಿದ್ದೀತೋ ಹಾಗೆ. ದುಂಡಗಿನ, ಸಪಾಟಾದ, ದಪ್ಪ ಕಬ್ಬಿಣದ ಹಂಚು. ಅದರ ಕೆಳಗೆ ಗ್ಯಾಸಿನ ಉರಿ. ಇಂತಹ ಹಂಚು 300 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ ಎಂಬುದನ್ನು ನೆನೆದರೆ ಅದರ ಕಾವನ್ನು ಊಹಿಸಬಹುದು. ನಾಲ್ವರು ಅಡಿಗೆಯವರು ಕೈಯಲ್ಲಿ ಉದ್ದನೆಯ ಕಟ್ಟಿಗೆಯ ಕೋಲುಗಳನ್ನು ಹಿಡಿದು ಹಂಚಿನ ಸುತ್ತ ನಡೆಯುತ್ತಲೇ ಇರುತ್ತಾರೆ. ಒಬ್ಬೊಬ್ಬರ ಬಟ್ಟಲಿನ ಪದಾರ್ಥವೂ ಹಂಚಿನ ಮೇಲೆ ಬೇರೆಬೇರೆ ಗುಡ್ಡೆಯಾಗಿರುತ್ತದೆ. ಕೋಲಿನಿಂದ ಅದನ್ನು ಮಗುಚುತ್ತ, ತಳ್ಳುತ್ತ ಹಂಚನ್ನು ಒಂದು ಸುತ್ತು ಬರುವಷ್ಟರಲ್ಲಿ ಅಡಿಗೆ ಸಿದ್ಧ. ಎಲ್ಲವೂ ಎರಡು ಮೂರು ನಿಮಿಷಗಳ ಕೆಲಸ. ಪದಾರ್ಥಗಳನ್ನು ತೆಳ್ಳಗೆ ಹೆಚ್ಚಿರುವುದರಿಂದಲೂ ಕಾವು ತೀವ್ರವಾಗಿರುವುದರಿಂದಲೂ ಅವು ಬೇಗನೆ ಬೇಯುತ್ತವೆ. ಕಾಯಿಪಲ್ಲೆಗಳ ಬಣ್ಣ ಕೆಡುವುದಿಲ್ಲ, ಗರಿಗರಿತನ ಹೋಗುವುದಿಲ್ಲ. ನಡುನಡುವೆ ನೀರು ಚಿಮುಕಿಸಿದಾಗ ಬುಸ್ಸೆಂದು ಏಳುವ ಹಬೆಯಲ್ಲಿ ಅಡಿಗೆಯವರ ಮುಖಗಳೇ ಮರೆಯಾಗುತ್ತವೆ.

ಇನ್ನೊಂದು ಬದಿಯಲ್ಲಿ ಉದ್ದನೆಯ ಕಟ್ಟೆಯ ಮೇಲೆ ಪದಾರ್ಥಗಳ ಸಾಲು. ಮೊದಲ ಭಾಗದಲ್ಲಿ ಮಾಂಸಗಳು. ಅವುಗಳನ್ನು ದಾಟಿದರೆ ನಮಗೆ ಬೇಕಾದ ರಾಜ್ಯ: ಬ್ರೊಕೊಲಿ ಎಂಬ ಹಸಿರು ಹೂಕೋಸು, ಮೂರು ಬಣ್ಣದ ದೊಣ್ಣೆಮೆಣಸಿನಕಾಯಿ, ಗಜ್ಜರಿ, ಕೋಸು, ಉಳ್ಳಾಗಡ್ಡಿ, ಅಣಬೆ, ಎಳೆಯ ಮೆಕ್ಕೆಜೋಳದ ತೆನೆಗಳು, ಉದ್ದುದ್ದ ಮೊಳಕೆಯ ಹೆಸರುಕಾಳು, ಅನಾನಸ್ ಹೋಳುಗಳು, ಸೋಯಾ ಹಾಲನ್ನು ಒಡೆಸಿ ಮಾಡಿದ, ಪನೀರಿನಂತೆ ಕಾಣುವ ತೋಫು, ಶಾವಿಗೆಯನ್ನು ಹೋಲುವ ನೂಡಲ್ಸು. ಕೊನೆಯಲ್ಲಿ ಹತ್ತಾರು ಬಗೆಯ ಸಾಸುಗಳು, ಎಣ್ಣೆಗಳು, ಪುಡಿಗಳು. ಆಯ್ಕೆ ನಮ್ಮದು, ಪ್ರಮಾಣ ನಮ್ಮದು, ರುಚಿ ನಮ್ಮದು. ರುಚಿ ಕೆಟ್ಟರೆ ಅಡಿಗೆಯವರನ್ನು ದೂರುವಂತಿಲ್ಲ ಎಂಬುದೂ ಈ ವ್ಯವಸ್ಥೆಯ ಒಂದು ಜಾಣ್ಮೆ!

ಈ ಅಡಿಗೆಯ ಹೆಸರಿನಲ್ಲಿ ಮಂಗೋಲಿಯ ಇದೆಯಾದರೂ ಇದು ಹುಟ್ಟಿದ್ದು ಅಲ್ಲಿ ಅಲ್ಲ. ಚಂಗೀಸ್ ಖಾನನ ಸೈನಿಕರು ತಮ್ಮ ಗುರಾಣಿಗಳನ್ನೇ ಬೆಂಕಿಯ ಮೇಲಿಟ್ಟು, ಕತ್ತಿಯಿಂದ ಮಾಂಸವನ್ನು ಕೊಯ್ದು ಹುರಿಯುತ್ತಿದ್ದರೆಂಬ ಕಥೆಯನ್ನು ಇಂತಹ ಭೋಜನಶಾಲೆಗಳಲ್ಲಿ ಹೇಳುವುದುಂಟು. ಅದು ಗಿರಾಕಿಗಳನ್ನು ರಂಜಿಸುವ ಕಥೆ ಮಾತ್ರ. ಚೀನಾದ ಅಂತರ್ಯುದ್ಧ 1949ರಲ್ಲಿ ಕಮ್ಯುನಿಸ್ಟರ ಗೆಲುವಿನಲ್ಲಿ ಮುಗಿದಾಗ ಲಕ್ಷಾಂತರ ಜನರು ತೈವಾನ್ ದ್ವೀಪಕ್ಕೆ ವಲಸೆ ಬಂದರು. ಬೀಜಿಂಗಿನಲ್ಲಿ ಬೆಳೆದಿದ್ದ ವು ಝಾವೊನಾನ್ ಎಂಬ ಹಾಸ್ಯ ಕಲಾವಿದರು ಅಂಥವರಲ್ಲೊಬ್ಬರು. ಇಬ್ಬರು ನಿಂತು ಮಾತಿಗೆ ಮಾತು ಜೋಡಿಸಿ ನಗಿಸುವ ಚೀನೀ ಸಂಭಾಷಣಾ ಕಲೆಯಲ್ಲಿ ಅವರು ಮುಂದೆ ಬಹಳ ಹೆಸರು ಮಾಡಿದರು. ಹೊಟ್ಟೆಪಾಡಿಗಾಗಿ ಅವರು 1951ರಲ್ಲಿ ತೈಪೇ ನಗರದಲ್ಲಿ ಈ ಬಗೆಯ ಹುರಿದ ಊಟದ ಅಂಗಡಿಯನ್ನು ತೆರೆದರು. ಅದಕ್ಕೆ ತಮ್ಮ ಊರಾದ ಬೀಜಿಂಗಿನ ಹೆಸರಿಡಬೇಕೆಂಬುದು ಅವರ ಇಚ್ಛೆಯಾಗಿತ್ತು. ಆದರೆ ಆಗ ಬೀಜಿಂಗ್ ಕಮ್ಯುನಿಸ್ಟ್ ಚೀನಾದ ರಾಜಧಾನಿ. ತೈವಾನಿನಲ್ಲಿ ಆ ಹೆಸರನ್ನೆತ್ತುವುದೇ ಅಪಾಯ. ಆದುದರಿಂದ ಯಾರಿಗೂ ತೊಡಕಿಲ್ಲದ ದೂರದ ಮಂಗೋಲಿಯದ ಹೆಸರನ್ನಿಟ್ಟರು. ತವರನ್ನು ಕಳೆದುಕೊಂಡವನಿಗೆ ತವರಿನ ಹೆಸರನ್ನು ಹಲಗೆಯ ಮೇಲೆ ಬರೆಯುವ ಭಾಗ್ಯವೂ ಇರಲಿಲ್ಲ. ಅವರು 2018ರಲ್ಲಿ ಅಮೆರಿಕೆಯಲ್ಲಿ ತೀರಿಕೊಂಡರು.

ನಮ್ಮ ಬೀದಿಬೀದಿಯ ಗೋಬಿ ಮಂಚೂರಿಗೂ ಮಂಚೂರಿಯ ದೇಶಕ್ಕೂ ಎಷ್ಟು ನಂಟೋ ಈ ಊಟಕ್ಕೂ ಮಂಗೋಲಿಯಕ್ಕೂ ಅಷ್ಟೇ ನಂಟು. ಅಲ್ಲಿಯ ಜನರದು ಕುರಿಗಾಹಿಗಳ ಬದುಕು. ಹಾಲು, ಮೊಸರು, ಗಿಣ್ಣು, ಬೇಯಿಸಿದ ಮಾಂಸ ಅವರ ಪರಂಪರೆಯ ಆಹಾರ. ಆದರೆ ಕಾಲದ ಚೋದ್ಯವನ್ನು ನೋಡಿರಿ: 1992ರಲ್ಲಿ ಇದೇ ಡೆಟ್ರಾಯಿಟಿನ ಬಳಿಯ ರಾಯಲ್ ಓಕ್ ಎಂಬ ಊರಿನಲ್ಲಿ ಆರಂಭವಾದ ಇಂತಹದೊಂದು ಸಂಸ್ಥೆ 2005ರಲ್ಲಿ ಮಂಗೋಲಿಯದ ರಾಜಧಾನಿ ಉಲಾನ್‌ಬಾತರಿನಲ್ಲಿಯೇ ತನ್ನ ಶಾಖೆಯನ್ನು ತೆರೆಯಿತು. ತೈವಾನಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಬೆಳೆದ ಕೂಸು ಕೊನೆಗೆ ತನ್ನ ಹೆಸರಿನ ಊರನ್ನು ಹುಡುಕಿಕೊಂಡು ಹೋದಂತಾಯಿತು.

ಇಷ್ಟನ್ನೆಲ್ಲ ಮಗ ಹೇಳುತ್ತಿದ್ದಾಗ ನನಗೊಂದು ವಿಷಯ ಹೊಳೆಯಿತು. ಚಂಗೀಸ್ ಖಾನ್ ಹುಟ್ಟಿದ್ದು 1162ರ ಸುಮಾರಿಗೆ. ನಮ್ಮ ಕಲ್ಯಾಣದ ಮಹಾಮನೆಯಲ್ಲಿ ದಾಸೋಹದ ಪಂಕ್ತಿ ಬೆಳಗಿದ್ದೂ ಅದೇ ಹನ್ನೆರಡನೆಯ ಶತಮಾನದಲ್ಲಿಯೇ. ಒಬ್ಬಾತ ಕತ್ತಿಯಿಂದ ಜನರನ್ನು ಒಂದುಗೂಡಿಸಿದ, ಇನ್ನೊಬ್ಬರು ಅನ್ನದಿಂದ.

ನಮ್ಮ ಸರದಿ ಬಂದಿತು. ಸೊಸೆ ಮುಂದೆ ಬಂದು, "ಮಾವನವರೆ, ಸಾಸು ಹಾಕಿಕೊಳ್ಳುವ ಮುನ್ನ ನನ್ನನ್ನು ಕೇಳಿರಿ" ಎಂದಳು. ಅವಳ ಎಚ್ಚರಿಕೆಗೆ ಕಾರಣವಿತ್ತು. ಕಾಯಿಪಲ್ಲೆಯೆಂದು ನಂಬಿ ತಿನ್ನುವ ಅಡಿಗೆಯಲ್ಲಿಯೂ ಮೀನಿನ ರಸ, ಸಿಂಪಿಯ ಸಾರದಿಂದ ಮಾಡಿದ ಸಾಸು ಸೇರಿರಬಹುದು. ಕೆಲವು ನೂಡಲ್ಸಿಗೆ ತತ್ತಿ ಬೆರೆಸಿರುತ್ತಾರೆ. ಮಕ್ಕಳ ಮನೆಗೆ ಪರದೇಶಕ್ಕೆ ಹೋಗುವ ಹಿರಿಯರು ಇದನ್ನು ಅಗತ್ಯವಾಗಿ ನೆನಪಿಡಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಕೇಳಿದರೆ ಅಲ್ಲಿಯವರು ಬೇಸರಿಸದೆ ಹೇಳುತ್ತಾರೆ. ಅಲ್ಲಿ ಕೆಲವರ ಮೈಗೆ ಶೇಂಗಾ ಒಗ್ಗದು, ಕೆಲವರಿಗೆ ಗೋದಿ ಒಗ್ಗದು. ಆದುದರಿಂದ ಬೇರೆಯಾಗಿ ಬೇಯಿಸಿ ಕೊಡಬೇಕೆಂದು ಕೇಳುವುದು ಅಲ್ಲಿ ಹೊಸ ಮಾತಲ್ಲ. ನಾವು ಎಳ್ಳೆಣ್ಣೆ, ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸು, ಒಣಮೆಣಸಿನ ಪುಡಿ ಇಷ್ಟರಲ್ಲಿಯೇ ತೃಪ್ತರಾದೆವು.

ಹಂಚಿನ ಮುಂದೆ ನಿಂತು ನನ್ನ ಮಡದಿ ಬಟ್ಟಲನ್ನು ಕೊಡದೆ ಹಿಡಿದುಕೊಂಡೇ ನಿಂತಳು. ಅಡಿಗೆಯವನು ಗ್ವಾಟೆಮಾಲಾ ದೇಶದಿಂದ ಬಂದ ತರುಣ. ಹಣೆಗೆ ಬಟ್ಟೆ ಬಿಗಿದಿದ್ದ, ತೋಳುಗಳಲ್ಲಿ ಬೆವರು ಹರಿಯುತ್ತಿತ್ತು. ಮೊಮ್ಮಗಳು ಅವನಿಗೆ ನಮ್ಮ ವಿಷಯವನ್ನು ತಿಳಿಸಿದಳು. ಅವನು ನಕ್ಕು ಬಟ್ಟಲುಗಳನ್ನು ತೆಗೆದುಕೊಂಡು ಒಳಗೆ ಹೋದ. ತೊಳೆದ ಬಾಣಲೆಯೊಂದನ್ನು ತಂದು ನಮಗೆ ತೋರಿಸಿ, ಒಳಗಿನ ಒಲೆಯ ಮೇಲೆ ಬೇಯಿಸಿ, ತಾನೇ ತಂದುಕೊಟ್ಟ. "ಈಸ್ಟರಿನ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ನಮ್ಮಜ್ಜಿಯೂ ಮಾಂಸ ಮುಟ್ಟುವುದಿಲ್ಲ" ಎಂದು ಅವನು ಹೇಳಿದ್ದನ್ನು ಮೊಮ್ಮಗಳು ನಮಗೆ ಕನ್ನಡದಲ್ಲಿ ತಿಳಿಸಿದಳು. ಸಾವಿರಾರು ಮೈಲಿ ದೂರದ ತನ್ನ ಅಜ್ಜಿಯನ್ನು ಆ ತರುಣ ನನ್ನ ಮಡದಿಯಲ್ಲಿ ಕಂಡನೇನೋ.

ಆದರೆ ಮೊಮ್ಮಗಳ ಪ್ರಶ್ನೆಗಳು ಮುಗಿದಿರಲಿಲ್ಲ. "ಅಜ್ಜಾ, ನಿಮಗೆ ಬೇರೆ ಬಾಣಲೆ ಆಯಿತು. ಇದು ಬೇರೆ ಸಾಲು ಆಗಲಿಲ್ಲವೆ?" ಎಂದಳು. ಇದಕ್ಕೂ ಅವಳ ಮೊದಲ ಪ್ರಶ್ನೆಗೂ ಕೂಡಿಯೇ ಉತ್ತರ ಹೊಳೆಯಿತು. "ಮಗೂ, ನಾನು ಏನನ್ನು ಉಣ್ಣಬೇಕೆಂಬುದು ನನ್ನ ವ್ರತ. ಆದುದರಿಂದ ಬಾಣಲೆ ಬೇರೆಯಾಗಬಹುದು. ಯಾರೊಡನೆ ಉಣ್ಣಬೇಕೆಂಬುದರಲ್ಲಿ ಮೇಲುಕೀಳು ಬಂದರೆ ಅದು ಪಾಪ. ಆದುದರಿಂದ ಸಾಲು ಬೇರೆಯಾಗಬಾರದು. ನನ್ನ ನಿಯಮ ನನ್ನನ್ನು ಕಟ್ಟಬೇಕೇ ಹೊರತು ಇನ್ನೊಬ್ಬರನ್ನು ಬಾಗಿಲಾಚೆ ಕೂಡಿಸಬಾರದು" ಎಂದೆ. ಅವಳಿಗೆ ಎಷ್ಟು ತಿಳಿಯಿತೋ ಕಾಣೆ. ನನಗೆ ಮಾತ್ರ, ನನ್ನ ತಂದೆಯವರು ನನಗೆ ಹೇಳದೆ ಉಳಿಸಿದ್ದ ಮಾತು ಅದೇ ಎಂದೆನಿಸಿತು. ನಮ್ಮ ಮನೆಯ ಆಳು ಅಂದು ಮಾಂಸ ತಿಂದು ಬಂದಿರಲಿಲ್ಲ, ನಮ್ಮ ಹೋಳಿಗೆಯನ್ನೇ ಉಣ್ಣಲು ಕುಳಿತಿದ್ದ. ಅಲ್ಲಿ ಬೇರೆಯಾದುದು ಅಡಿಗೆಯಲ್ಲ, ಮನುಷ್ಯ. ಆಚಾರದ ಹೆಸರಿನಲ್ಲಿ ನಾವು ಕಾಯ್ದುಕೊಂಡದ್ದು ಆಚಾರವನ್ನಲ್ಲ, ಅಹಂಕಾರವನ್ನು.

ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕುಳಿತೆವು. ನನ್ನ ಎಡಕ್ಕೆ ವಿಯೆಟ್ನಾಂ ಮೂಲದ ಹುಡುಗಿ, ಎದುರಿಗೆ ಕರಿಯ ಜನಾಂಗದ ಹುಡುಗಿ, ಅವಳ ಪಕ್ಕದಲ್ಲಿ ಇನ್ನಿಬ್ಬರು ಬಿಳಿಯರ ಮಕ್ಕಳು. ಅವರ ಬಟ್ಟಲುಗಳಲ್ಲಿ ಏನಿತ್ತೋ ನಾನು ನೋಡಲಿಲ್ಲ; ನೋಡಬೇಕಾದ ಅಗತ್ಯವೂ ಇರಲಿಲ್ಲ. ನಾನೂ ನನ್ನ ಮಡದಿಯೂ ಎಂದಿನಂತೆ ಎದೆಯ ಮೇಲಿನ ಇಷ್ಟಲಿಂಗವನ್ನು ಮುಟ್ಟಿ, ಕಣ್ಣುಮುಚ್ಚಿ, ಆಹಾರವನ್ನು ಅರ್ಪಿಸಿಕೊಂಡೆವು. ಕಣ್ಣು ತೆರೆದಾಗ ಮೇಜಿನ ಸುತ್ತ ಯಾರೂ ಚಮಚ ಎತ್ತಿರಲಿಲ್ಲ. ಆ ನಾಲ್ವರು ಮಕ್ಕಳೂ ನಮಗಾಗಿ ಸುಮ್ಮನೆ ಕಾಯುತ್ತಿದ್ದರು. ಅವರಿಗೆ ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ. ಅಂದಿನ ಊಟ ನನಗೆ ಪ್ರಸಾದವಾದುದು ಆ ಗಳಿಗೆಯಲ್ಲಿ.

ಇನ್ನು ನನ್ನದೊಂದು ತಪ್ಪನ್ನೂ ಹೇಳಿಬಿಡಬೇಕು. ಅಲ್ಲಿ ಒಮ್ಮೆ ಹಣ ಕೊಟ್ಟರೆ ಎಷ್ಟು ಸಲ ಬೇಕಾದರೂ ಬಟ್ಟಲು ತುಂಬಿಕೊಳ್ಳಬಹುದು. ಮೊದಲ ಬಟ್ಟಲು ನಾಲಗೆಗೆ ಬಹಳ ಹಿತವಾಯಿತು. ಹಿಂದೆಮುಂದೆ ಯೋಚಿಸದೆ ಎರಡನೆಯ ಸಲ ಬಟ್ಟಲನ್ನು ಗೋಪುರದಂತೆ ಒಟ್ಟಿಕೊಂಡು ತಂದೆ. ಅರ್ಧ ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿತು. ಉಳಿದುದನ್ನು ಮನೆಗೆ ಒಯ್ಯುವಂತಿಲ್ಲ. ಬಿಟ್ಟರೆ ಕಸದ ಬುಟ್ಟಿಗೆ. ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದಾಗ ಮಡದಿ ತಗ್ಗಿದ ದನಿಯಲ್ಲಿ, "ಲಕ್ಕಮ್ಮನ ಕಥಿ ಬರೇ ಮೊಮ್ಮಗಳಿಗೆ ಹೇಳಾಕಷ್ಟೇ ಏನ್ರಿ?" ಎಂದಳು.

ಹಿಂದಿನ ವಾರವಷ್ಟೇ ಮೊಮ್ಮಗಳಿಗೆ ಆ ಕಥೆಯನ್ನು ಹೇಳಿದ್ದೆ. ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇಷ್ಟೇಕೆ ತಂದಿರಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಮರಳಿ ಕಳುಹಿಸಿದವರು ಮಡದಿ ಲಕ್ಕಮ್ಮನವರು. ಎಂಟುನೂರು ವರ್ಷಗಳ ಹಿಂದಿನ ಆ ಮಾತು ಡೆಟ್ರಾಯಿಟಿನ ಭೋಜನಶಾಲೆಯಲ್ಲಿ ನನ್ನ ಕಿವಿಗೇ ತಾಗಿತು. ಪ್ರಸಾದ ನಿಲಯದಲ್ಲಿ ತಾಟಿನಲ್ಲೊಂದು ಅಗುಳನ್ನೂ ಬಿಡದೆ ಉಂಡು ತೊಳೆದಿಡುತ್ತಿದ್ದ ನಾನು, ಹಣ ಕೊಟ್ಟಿದ್ದೇವೆಂಬ ಒಂದೇ ಕಾರಣಕ್ಕೆ ಅಳತೆ ಮರೆತಿದ್ದೆ. ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು ನಿಧಾನವಾಗಿ ಪೂರ್ತಿ ಉಂಡೆ. ಅಂದು ರಾತ್ರಿ ಊಟವಿಲ್ಲ, ನಿದ್ರೆಯೂ ಅಷ್ಟಕ್ಕಷ್ಟೆ. ಬೇಕಾದಷ್ಟು ಸಿಗುವೆಡೆಯಲ್ಲಿ ಬೇಕಾದಷ್ಟನ್ನೇ ತೆಗೆದುಕೊಳ್ಳುವುದು ಇಲ್ಲದಿರುವೆಡೆಯಲ್ಲಿ ಉಪವಾಸವಿರುವುದಕ್ಕಿಂತ ಕಠಿಣವಾದ ವ್ರತ.

ಹೊರಡುವಾಗ ಆ ತರುಣನನ್ನು ಕಂಡು ಕೈಮುಗಿದೆ. ಅಲ್ಲಿ ಊಟದ ಬೆಲೆಯ ಮೇಲೆ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಭಕ್ಷೀಸು ಕೊಡುವುದು ವಾಡಿಕೆ. ಮಗ ಅದನ್ನು ಕೊಟ್ಟ. ಆದರೆ ಅಷ್ಟೊಂದು ಕಾವಿನ ಮುಂದೆ ನಡೆದಾಡುತ್ತ ಹೊತ್ತುಗಳೆಯುವ ಆ ಕಾಯಕಕ್ಕೆ, ನಮಗಾಗಿ ತೊಳೆದ ಆ ಬಾಣಲೆಗೆ ಬೆಲೆ ಕಟ್ಟುವುದು ಹೇಗೆ? ಅವನೂ ಎರಡೂ ಕೈ ಜೋಡಿಸಿ ನಮ್ಮಂತೆಯೇ ವಂದಿಸಿದ.

ಊರಿಗೆ ಮರಳಿದ ಮೇಲೆ ಒಂದು ದಿನ ನಮ್ಮ ಹಳ್ಳಿಗೆ ಹೋದೆ. ಆ ಹಿರಿಯ ಆಳು ತೀರಿಕೊಂಡು ಬಹಳ ವರ್ಷಗಳಾಗಿವೆ. ಅವನ ಮಗನಿದ್ದಾನೆ, ನನ್ನದೇ ವಯಸ್ಸು. ಅವನನ್ನು ನಮ್ಮ ಮನೆಗೆ ಊಟಕ್ಕೆ ಕರೆಯಬೇಕೆಂದು ಮೊದಲು ಯೋಚಿಸಿದ್ದೆ. ಕರೆದರೆ ಅದರಲ್ಲಿಯೂ ನಾನೇ ಕೊಡುವವನಾಗುತ್ತೇನಲ್ಲ ಎನಿಸಿತು. ಮಧ್ಯಾಹ್ನದ ಹೊತ್ತಿಗೆ ಅವನ ಮನೆಗೇ ಹೋಗಿ, "ಹಸಿವಾಗೇದ, ಏನರ ಕೊಡು" ಎಂದೆ. ಅವನು ಗಾಬರಿಯಾಗಿ ಹೆಂಡತಿಯ ಮುಖ ನೋಡಿದ. ಆಮೇಲೆ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಬಿಸಿರೊಟ್ಟಿ, ಝುಣಕ, ಶೇಂಗಾ ಹಿಂಡಿ ಉಂಡೆವು. ಆ ಶ್ರಾವಣ ಸೋಮವಾರದ ಮಾತೆತ್ತಿ ಕ್ಷಮೆ ಕೇಳಲು ಹೊರಟೆ. ಅವನು ತಡೆದು, "ಆ ದಿನ ನಮ್ಮಪ್ಪ ಉಣ್ಣಲಿಲ್ರಿ. ಎಲಿಯೊಳಗಿನ ಹೋಳಗಿ ಹಂಗ ಕಟ್ಟಿಕೊಂಡು ಬಂದು ನಮಗ ಕೊಟ್ಟಿದ್ದ. ಅಂಥಾ ಹೋಳಗಿ ಮತ್ತ ತಿಂದಿಲ್ರಿ" ಎಂದ.

ಅವನ ನೆನಪಿನಲ್ಲಿ ಉಳಿದುದು ಹೋಳಿಗೆಯ ಸಿಹಿ. ನನ್ನ ನೆನಪಿನಲ್ಲಿ ಉಳಿದುದು ಬಾಗಿಲಾಚೆಯ ಎಲೆ. ಅವನು ಮರೆತನೆಂದು ನಾನು ಮರೆಯುವಂತಿಲ್ಲ.

ಅಂದು ಸಂಜೆ ಅಮೆರಿಕೆಯಿಂದ ಮೊಮ್ಮಗಳ ಫೋನು ಬಂದಿತು. ನಡೆದುದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು: "ಅಜ್ಜಾ, ತಾಟು ಪೂರ್ತಿ ಖಾಲಿ ಮಾಡಿದಿರಿ ತಾನೆ?"

ಮಾಡಿದ್ದೆ. ಒಂದು ಚೂರೂ ಬಿಟ್ಟಿರಲಿಲ್ಲ.